ಆಟಿ ಅಮಾವಾಸ್ಯೆಯ ದಿನ ಗುತ್ತಿನ ಮನೆಯಲ್ಲಿ ಒಂದು ಕೊಲೆ: ಚಿತ್ರಕಥೆ ಬರೆಯುವ ಕ್ರಮ

ಒಂದು ದೊಡ್ಡ ಮನೆ, ದುಡ್ಡಿದ್ದ ಏಳೆಂಟು ಜನ, ಒಳಗೊಂದು ಹೆಣ. ಕೊಂದವರು ಯಾರು? ಈ ಬಗೆಯ ಸಿನಿಮಾ ನನಗೆ ತುಂಬ ಇಷ್ಟ. ಬರೆಯುವುದೂ ಇಷ್ಟ. ಹೊಸಬರು ಬರೆದ ಇಂಥ ಸ್ಕ್ರಿಪ್ಟ್‌ಗಳನ್ನೂ ಓದುತ್ತೇನೆ. ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ಓದಿದವರು ಬರೆದರೂ ಕಥೆಯ ಮನೆ ಮಾತ್ರ ಯಾವುದೋ ಹೆಸರಿಲ್ಲದ ಗುಡ್ಡದ ಮೇಲಿನ ಬಂಗಲೆ ಆಗಿರುತ್ತದೆ, ಒಳಗೆ ತೂಗುದೀಪ, ಗೋಡೆಯಲ್ಲಿ ಜಿಂಕೆ ತಲೆ, ಕೈಯಲ್ಲಿ ಗ್ಲಾಸು. ನನಗೆ ಬೇಸರ ಆಗುವುದು ಅಲ್ಲೇ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಈ ಕಥೆಗೆ ಬೇಕಾದ ಸಾಮಾನು ಎಷ್ಟು ಬೇಕೋ ಅಷ್ಟು ಉಂಟು.

ಹಾಗಾಗಿ ಇಲ್ಲಿ ಒಂದೇ ಕಥೆಯನ್ನು ಹಿಡಿದು ಕೊನೆತನಕ ಕಟ್ಟಿ ತೋರಿಸುತ್ತೇನೆ. ಉಡುಪಿಯ ಸ್ವರ್ಣಾ ನದಿಯ ಬದಿಯಲ್ಲಿ ಒಂದು ಗುತ್ತಿನ ಮನೆ, ಅಂದರೆ ಹಿಂದೆ ಊರಿನ ಜಮೀನು ಇದ್ದ ಹಳೆಯ ಮನೆತನದ ದೊಡ್ಡ ಮನೆ. ಯಜಮಾನರಿಗೆ 72 ವರ್ಷ, ಬೊಂಬಾಯಿಯಲ್ಲಿ ಹೋಟೆಲ್ ಮಾಡಿ ಗೆದ್ದವರು, ಹೆಂಡತಿ ತೀರಿಕೊಂಡಿದ್ದಾರೆ. ಒಬ್ಬ ಮಗ, ಒಬ್ಬಳು ಮಗಳು. ಊರಿನ ತೋಟ ನೋಡಿಕೊಳ್ಳುವುದು ಅವರ ಅಕ್ಕನ ಮಗ, ಅಂದರೆ ಅಳಿಯ. ಕೊಲೆಗಾರ ಯಾರು ಅಂತ ಈಗಲೇ ಹೇಳಿಬಿಡುತ್ತೇನೆ: ಮಗ. ಬರೆಯುವವರಿಗೆ ಇದು ಮೊದಲ ದಿನವೇ ಗೊತ್ತಿರಬೇಕು. ಬರೆಯುತ್ತಾ ಹೋದ ಹಾಗೆ ಗೊತ್ತಾಗುತ್ತದೆ ಅಂತ ಕೂತರೆ ಸುಳಿವು ಒಂದೂ ಗಟ್ಟಿಯಾಗಿ ನಿಲ್ಲುವುದಿಲ್ಲ.

1. ಮೊದಲು ದುಡ್ಡಿನ ದಾರಿ ಬರೆಯಿರಿ

ಕಥೆ ಬರೆಯುವ ಮೊದಲು ಒಂದು ದೊಡ್ಡ ಕಾಗದ ತೆಗೆದುಕೊಳ್ಳಿ. ನಡುವೆ ಸಾಯುವವರ ಹೆಸರು. ಅವರ ಕೈಯಿಂದ ಯಾರಿಗೆಲ್ಲ ದುಡ್ಡು ಹೋಗುತ್ತದೆ ಅಂತ ಬಾಣ ಎಳೆಯಿರಿ. ಮಗನ ಹೊಸ ವ್ಯಾಪಾರಕ್ಕೆ ಕೊಟ್ಟ ಸಾಲ. ಅಳಿಯನಿಗೆ ತೋಟದ ಖರ್ಚು. ಅಡಿಗೆ ಅಕ್ಕನ ಮಗಳ ಕಾಲೇಜು ಫೀಸು. ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡ ದೊಡ್ಡ ಮೊತ್ತ. ಆಮೇಲೆ ಬೇರೆ ಬಣ್ಣದ ಪೆನ್ನು ಹಿಡಿದು, ಇವರು ಸತ್ತರೆ ಯಾವ ಬಾಣ ನಿಲ್ಲುತ್ತದೆ, ಯಾವುದು ದಪ್ಪ ಆಗುತ್ತದೆ ಅಂತ ಗುರುತು ಹಾಕಿ. ಇಷ್ಟಾದರೆ ಯಾರ ಮೇಲೆ ಅನುಮಾನ ಬರಬೇಕು ಅಂತ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಕಾಗದವೇ ಹೇಳುತ್ತದೆ.

ಶ್ರೀಮಂತರು ಅಂದ ಕೂಡಲೇ ಎಲ್ಲರೂ ಒಂದೇ ಥರ ಅಲ್ಲ. ಮಲ್ಪೆಯಲ್ಲಿ ಬೋಟು ಮತ್ತು ಐಸ್ ಪ್ಲಾಂಟ್ ಇರುವವರ ಭಯ ಬೇರೆ, ಗೇರುಬೀಜದ ಫ್ಯಾಕ್ಟರಿಯವರ ಭಯ ಬೇರೆ, ಬಸ್ಸಿನವರದು ಬೇರೆ, ಗಲ್ಫ್‌ನಲ್ಲಿ ದುಡಿದು ಬಂದವರದು ಇನ್ನೂ ಬೇರೆ. ಹಳೆಯ ಗುತ್ತಿನ ಮನೆಗಳ ಸಂಕಟವೇ ಒಂದು ಕಥೆ. ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ ನಂತರ ಗೇಣಿಗೆ ಕೊಟ್ಟ ಗದ್ದೆಗಳು ಉಳುವವರ ಹೆಸರಿಗೆ ಹೋದವು. ಇವತ್ತಿಗೂ ಹಿರಿಯರು ಅದನ್ನು ‘ಡಿಕ್ಲರೇಷನ್’ ಅಂತಲೇ ಹೇಳುತ್ತಾರೆ. ಚಾವಡಿ ಉಳಿಯಿತು, ದೈವದ ಕೋಣೆ ಉಳಿಯಿತು, ಗೌರವ ಉಳಿಯಿತು, ಗದ್ದೆ ಹೋಯಿತು. ಆ ಮನೆಯ ಹೆಂಚು ರಿಪೇರಿಗೆ ಬೊಂಬಾಯಿಯಿಂದ ದುಡ್ಡು ಬರಬೇಕು. ಕೊಡುವವರು ಒಬ್ಬರು, ಮಾನ ಎಲ್ಲರದ್ದು. ಇಲ್ಲಿಂದಲೇ ಜಗಳ ಶುರು, ಅಲ್ವಾ?

2. ಆಸ್ತಿಯ ಕಾನೂನು ಓದಿಕೊಳ್ಳಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕಥೆಯ ಬೆನ್ನೆಲುಬು ಇರುವುದು ಇಲ್ಲೇ.

ಬಂಟರು, ಬಿಲ್ಲವರು ಮತ್ತು ಇನ್ನೂ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಕುಟುಂಬದ ಆಸ್ತಿ ಹೆಣ್ಣಿನ ವಂಶದಲ್ಲಿ ಹೋಗುತ್ತಿತ್ತು. ಯಜಮಾನನ ನಂತರ ಅಧಿಕಾರ ಅವನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. 1949ರಲ್ಲಿ ಮದರಾಸು ಸರಕಾರ ಇದಕ್ಕೆಂದೇ ಒಂದು ಕಾಯ್ದೆ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಲೆಕ್ಕ ಬದಲಾಯಿತು. ಆದರೆ ಮನಸ್ಸಿನಲ್ಲಿ ಹಳೆಯ ಲೆಕ್ಕ ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಕಥೆಯ ಮಗ ಬೊಂಬಾಯಿಯಲ್ಲಿ ಬೆಳೆದವನು. ಗುತ್ತಿನ ಮನೆಯಲ್ಲಿ ಅವನು ನೆಂಟ. ಅಳಿಯ ಮನೆಯವನು. ಹೊರಗಿನಿಂದ ಬಂದ ಪ್ರೇಕ್ಷಕ ‘ಅಪ್ಪನ ಮನೆ ಮಗನಿಗೆ’ ಅಂದುಕೊಳ್ಳುತ್ತಾನೆ. ಮನೆ ಕುಟುಂಬದ್ದು ಅಂತ ಗೊತ್ತಾಗುವ ಹೊತ್ತಿಗೆ ಅವನ ಲೆಕ್ಕ ತಲೆಕೆಳಗಾಗಬೇಕು.

ಹೋಟೆಲ್ ಮಾತ್ರ ಯಜಮಾನರ ಸ್ವಂತ ದುಡಿಮೆ. ವಿಲ್ ಇಲ್ಲ. ಹಾಗಾಗಿ ಅದು ಮಗ ಮತ್ತು ಮಗಳಿಗೆ ಸಮಪಾಲು. ಮಗನಿಗೆ ಸಾಲ ಜಾಸ್ತಿ ಆಗಿದೆ, ಅರ್ಧ ಸಿಕ್ಕಿದರೆ ಸಾಲದು. ಈಗ 1956ರ ಅದೇ ಕಾಯ್ದೆಯ 25ನೇ ಸೆಕ್ಷನ್ ನೋಡಿ: ಕೊಲೆ ಮಾಡಿದವರಿಗೆ, ಕೊಲೆಗೆ ನೆರವಾದವರಿಗೆ, ಸತ್ತವರ ಆಸ್ತಿಯಲ್ಲಿ ಹಕ್ಕಿಲ್ಲ. ಅಂದರೆ ಅಪ್ಪ ಸತ್ತು, ಕೊಂದವಳು ತಂಗಿ ಅಂತ ಕೋರ್ಟಿನಲ್ಲಿ ನಿಂತುಬಿಟ್ಟರೆ ಅವಳ ಅರ್ಧವೂ ಅವನಿಗೆ ದಾರಿ ಬಿಡುತ್ತದೆ. ಕೊಲೆ ಅವನಿಗೆ ಅರ್ಧ ಕೆಲಸ. ಉಳಿದರ್ಧ ತಂಗಿಯನ್ನು ಸಿಕ್ಕಿಸುವುದು.

ಈ ಸೆಕ್ಷನ್ ಸಿಕ್ಕಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿಗಾಗಿ ಕೊಲೆ ಅನ್ನುವ ಹಳೆಯ ಮಾತಿಗೆ ಅಲ್ಲಿ ಒಂದು ಹೊಸ ಬಾಗಿಲು ಇತ್ತು.

ನಿಮ್ಮ ಕಥೆಯ ಮನೆ ಮಂಗಳೂರಿನ ಬೆಂದೂರು ಅಥವಾ ಫಳ್ನೀರಿನ ಕ್ರೈಸ್ತರದ್ದಾದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ನೋಡಬೇಕು, ಬಂದರಿನ ಬ್ಯಾರಿ ಮುಸ್ಲಿಂ ವ್ಯಾಪಾರಿಯದ್ದಾದರೆ ಅವರ ವೈಯಕ್ತಿಕ ಕಾನೂನು. ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಕೂತು ಬನ್ನಿ. ಹಿಂದೂ ಅಥವಾ ಕ್ರೈಸ್ತರ ವಿಲ್ ಇಡುವುದಾದರೆ ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯ ಅಲ್ಲ, ಇಷ್ಟಾದರೂ ಗೊತ್ತಿರಲಿ.

3. ಎಲ್ಲರೂ ಒಂದೇ ಸೂರಿನಡಿ ಸೇರುವ ದಿನ ಹುಡುಕಿ

ಪಾರ್ಟಿ, ಹುಟ್ಟುಹಬ್ಬ ಅಂತ ಸುಮ್ನೆ ಯಾಕೆ? ನಮ್ಮಲ್ಲಿ ಆಟಿ ಅಮಾವಾಸ್ಯೆ ಉಂಟು. ಆಟಿ ಅಂದರೆ ತುಳುವರ ಒಂದು ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಆ ಹೊತ್ತಿಗೆ ಈ ಅಮಾವಾಸ್ಯೆ ಬರುತ್ತದೆ. ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ, ಕತ್ತಿ ಮುಟ್ಟಿಸುವುದಿಲ್ಲ. ಅದರ ರಸಕ್ಕೆ ಬೆಳ್ಳುಳ್ಳಿ, ಓಮ, ಕರಿಮೆಣಸು ಸೇರಿಸಿ, ಕಾಯಿಸಿದ ಬೆಣಚುಕಲ್ಲು ಹಾಕಿ, ಮನೆಯವರೆಲ್ಲ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ತಂಪಿಗೆ ಮೆಂತೆ ಗಂಜಿ. ಬೊಂಬಾಯಿಯವರೂ ಆ ದಿನಕ್ಕೆ ಬಂದಿದ್ದಾರೆ ಅಂದರೆ ನಂಬಬಹುದು.

ಇನ್ನು ಸಾವು. ಪಾಲೆ ಅಂದುಕೊಂಡು ಕಾಸರಕದ ಕೆತ್ತೆ ತಂದು ಅನಾಹುತ ಆದ ಸುದ್ದಿಯನ್ನು ನಾವೆಲ್ಲ ಕೇಳಿದವರೇ. ಕಾಸರಕದಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇರುತ್ತದೆ, ಮೈಯ ಸ್ನಾಯುಗಳೆಲ್ಲ ಸೆಟೆದುಕೊಳ್ಳುತ್ತವೆ. ಹಾಗಾಗಿ ಯಜಮಾನರು ಬಿದ್ದ ಕೂಡಲೇ ಇಡೀ ಊರು ಹೇಳುವುದು ಒಂದೇ: ‘ಮರ ತಪ್ಪಿತು.’ ಕೆತ್ತೆ ತಂದವನು ಅಳಿಯ. ಮೊದಲ ಅನುಮಾನ ಅವನ ಮೇಲೆ.

ಆದರೆ ಒಂದೇ ಪಾತ್ರೆಯ ಕಷಾಯವನ್ನು ಎಂಟು ಜನ ಕುಡಿದಿದ್ದಾರೆ. ಸತ್ತದ್ದು ಒಬ್ಬರು. ಇದೇ ನಿಮ್ಮ ಕಥೆಯ ಗಂಟು. ಒಂದು ಸಾಲಿನಲ್ಲಿ ಹೇಳಲು ಬರದ ಗಂಟಾದರೆ ಅದನ್ನು ಬಿಟ್ಟು ಬೇರೆ ಹುಡುಕಿ.

ಬಿಡಿಸುವ ದಾರಿ ಗಂಜಿಯಲ್ಲಿ ಉಂಟು. ಮೆಂತೆ ಗಂಜಿಗೆ ಬೆಲ್ಲ, ತೆಂಗಿನ ಹಾಲು ಹಾಕುತ್ತಾರೆ. ಯಜಮಾನರಿಗೆ ಸಕ್ಕರೆ ಕಾಯಿಲೆ. ಅವರಿಗೆ ಬೆಲ್ಲ ಹಾಕದ ಗಂಜಿ ಬೇರೆ ಪಾತ್ರೆಯಲ್ಲಿ, ಅದನ್ನು ಮಾಡಿದ್ದು ಮಗಳು. ಮಗ ವಿಷ ಬೆರೆಸಿದ್ದು ಆ ಪಾತ್ರೆಗೆ.

ಒಂದು ಎಚ್ಚರಿಕೆ ಮನಸಾರೆ ಹೇಳುತ್ತೇನೆ. ವಿಷ ಎಷ್ಟು, ಹೇಗೆ ತೆಗೆದರು ಅನ್ನುವುದನ್ನು ತೆರೆಯ ಮೇಲೆ ತೋರಿಸಬೇಡಿ. ಕಥೆಗೆ ಅದು ಬೇಕಾಗಿಯೇ ಇಲ್ಲ. ಮತ್ತೆ ಸಿನಿಮಾ ನೋಡಿ ಯಾರೂ ಪಾಲೆ ಕಷಾಯ ಕುಡಿಯಲು ಹೆದರಬಾರದು, ಮರ ಗೊತ್ತಿದ್ದವರೇ ತರಬೇಕು ಅನ್ನುವ ಮಾತು ಅಡಿಗೆ ಅಕ್ಕನ ಬಾಯಲ್ಲಿ ಒಮ್ಮೆ ಬರಲಿ.

4. ಕೊಲೆಗಾರನ ದಿನಚರಿಯನ್ನು ನಿಮಿಷ ಲೆಕ್ಕದಲ್ಲಿ ಬರೆಯಿರಿ

ಇದು ಪ್ರೇಕ್ಷಕ ಕಾಣದ ಸಿನಿಮಾ. ಮೂರು ದಿನದ್ದು ಬರೆಯಿರಿ: ಕೊಲೆಯ ಹಿಂದಿನ ದಿನ, ಆ ದಿನ, ಮರುದಿನ. ಎಷ್ಟು ಗಂಟೆಗೆ ಎದ್ದ, ಯಾವ ಬಾಗಿಲಿನಿಂದ ಹೋದ, ದಾರಿಯಲ್ಲಿ ಯಾರು ಸಿಕ್ಕಿದರು. ಮನೆಯ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿ. ಚಾವಡಿ, ನಡುವಿನ ಅಂಗಳ, ಅಡಿಗೆ ಕೋಣೆ, ಬಚ್ಚಲು, ಉಪ್ಪರಿಗೆಯ ಏಣಿ. ನಡೆದುಕೊಂಡು ಹೋಗಲು ಎಷ್ಟು ಹೊತ್ತು ಬೇಕು ಅಂತ ನಿಜವಾದ ಮನೆಯಲ್ಲಿ ನಡೆದು ನೋಡಿ. ಚಾವಡಿಯಿಂದ ಅಡಿಗೆ ಕೋಣೆಗೆ ಎರಡು ದಾರಿ ಇರುವ ಮನೆ ಸಿಕ್ಕಿದರೆ ಅದನ್ನೇ ಹಿಡಿಯಿರಿ.

ಉಳಿದವರದ್ದೂ ಬರೆಯಬೇಕು, ಸ್ವಲ್ಪ ಚಿಕ್ಕದಾಗಿ. ಪ್ರತಿಯೊಬ್ಬರಿಗೂ ಕೊಲೆಗೆ ಸಂಬಂಧ ಇಲ್ಲದ ಒಂದು ಗುಟ್ಟು ಕೊಡಿ. ಅವರು ಸುಳ್ಳು ಹೇಳುವುದು ಆ ಗುಟ್ಟು ಮುಚ್ಚಲು. ಅಳಿಯ ಹಿಂದಿನ ಸಂಜೆ ಒಂದು ಗಂಟೆ ಎಲ್ಲಿದ್ದ ಅಂತ ಹೇಳುವುದಿಲ್ಲ, ಯಾಕೆಂದರೆ ಅವನು ತೋಟದ ಒಂದು ಪಾಲು ಮಾರುವ ಮಾತಿಗೆ ಹೋಗಿದ್ದ.

5. ಸುಳಿವು ನೆಡುವುದು

ಸುಳಿವನ್ನು ಅಡಗಿಸಬಾರದು. ಎದುರಿಗೇ ಇಡಬೇಕು, ಆದರೆ ಆ ಹೊತ್ತಿಗೆ ಅದಕ್ಕೆ ಬೇರೊಂದು ಕೆಲಸ ಕೊಟ್ಟಿರಬೇಕು.

ಸಕ್ಕರೆ ಕಾಯಿಲೆಯ ಸುಳಿವು ನೋಡಿ. ಡಾಕ್ಟರ್ ಚೀಟಿಯನ್ನು ಕ್ಯಾಮೆರಾದಲ್ಲಿ ತೋರಿಸಿದರೆ ಮುಗಿಯಿತು, ಎಲ್ಲರಿಗೂ ಗೊತ್ತಾಗುತ್ತದೆ. ಅದರ ಬದಲು ಹಿಂದಿನ ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದಾರೆ. ಯಜಮಾನರ ಅಕ್ಕ ಪಾಯಸ ಬಡಿಸಲು ಬರುತ್ತಾರೆ. ಯಜಮಾನರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಅಕ್ಕನಿಗೆ ಬೇಸರ: ‘ಹೆಂಡತಿ ಇದ್ದಾಗ ಮೂರು ಸಲ ಹಾಕಿಸಿಕೊಳ್ಳುತ್ತಿದ್ದೆ, ಅಲ್ವಾ?’ ಊಟದ ಮನೆ ಮೌನವಾಗುತ್ತದೆ. ನೋಡುವವರ ಗಮನ ಸತ್ತ ಹೆಂಡತಿಯ ಮೇಲೆ ಹೋಯಿತು. ಪಾಯಸ ಬೇಡ ಅಂದದ್ದು ಕಣ್ಣೆದುರೇ ಇದ್ದೂ ಮರೆತುಹೋಯಿತು.

ಎರಡನೆಯದು ಗಾಜಿನ ಹೆಂಚು. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದರು. ಆ ಹೆಂಚಿನ ಮಾಡುಗಳಲ್ಲಿ ಬೆಳಕಿಗಾಗಿ ನಡುನಡುವೆ ಗಾಜಿನ ಹೆಂಚು ಇಡುತ್ತಾರೆ. ಬೆಳಿಗ್ಗೆ ಸೂರ್ಯ ಮೂಡಣದಲ್ಲಿದ್ದಾಗ ಬಿಸಿಲಿನ ಚೌಕ ಪಡುವಣ ಗೋಡೆಯ ಕಡೆ ಬೀಳುತ್ತದೆ, ಸಂಜೆ ಮೂಡಣ ಗೋಡೆಯ ಕಡೆ. ಮಗ ಬೆಳಿಗ್ಗೆ ಏಳೂವರೆಗೆ ಚಾವಡಿಯ ಫೋಟೊ ಒಂದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದಾನೆ, ತಾನು ಅಲ್ಲೇ ಇದ್ದೆ ಅಂತ. ವಾಟ್ಸಾಪ್ ಕಳಿಸಿದ ಹೊತ್ತನ್ನು ತೋರಿಸುತ್ತದೆ, ತೆಗೆದ ಹೊತ್ತನ್ನಲ್ಲ. ಫೋಟೊದಲ್ಲಿ ಬಿಸಿಲಿನ ಚೌಕ ಮೂಡಣ ಗೋಡೆಯ ಬುಡದಲ್ಲಿದೆ. ಅದು ಹಿಂದಿನ ಸಂಜೆಯದ್ದು. ಆಟಿಯಲ್ಲಿ ಬಿಸಿಲೆಲ್ಲಿ ಅಂತ ಕೇಳಬೇಡಿ, ಮಳೆ ಬಿಟ್ಟ ದಿನ ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅಂತ ತುಳುವಿನಲ್ಲಿ ಹಿರಿಯರ ಮಾತೇ ಉಂಟು. ಈ ಚೌಕವನ್ನು ಸಿನಿಮಾದ ಮೊದಲ ಹತ್ತು ನಿಮಿಷದಲ್ಲೇ ತೋರಿಸಿ. ಮಗುವೊಂದು ಅದರೊಳಗೆ ಕಾಲಿಟ್ಟು ಆಡಲಿ.

ಮೂರನೆಯದು ಅಳಿಯನನ್ನು ಬಿಡಿಸಲು. ಪಾಲೆ ಮರದ ಗಾಯದಲ್ಲಿ ಬಿಳಿ ಹಾಲು ಬರುತ್ತದೆ, ಎಲೆಗಳು ಒಂದೇ ಗೆಣ್ಣಿನ ಸುತ್ತ ಗುಂಪಾಗಿ ಇರುತ್ತವೆ. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರು. ಅಳಿಯ ಜಜ್ಜಿದ ಮರ ಯಾವುದು ಅಂತ ಹೋಗಿ ನೋಡಿದರೆ ಸಾಕು, ಅವನು ಸರಿಯಾದ ಮರದಿಂದಲೇ ತಂದಿದ್ದಾನೆ.

ದಾರಿ ತಪ್ಪಿಸುವ ಸುಳಿವೂ ಬೇಕು. ಅಳಿಯನ ಉಗುರಿನಲ್ಲಿ ನೀಲಿ ಕಲೆ. ನಗರದಿಂದ ಬಂದ ಮಗಳು ವಿಷ ಅಂದುಕೊಳ್ಳುತ್ತಾಳೆ. ಅದು ಮೈಲುತುತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಮಳೆಗಾಲದ ಮೊದಲು ಒಮ್ಮೆ, ನಡುವೆ ಇನ್ನೊಮ್ಮೆ. ಊರಿನ ಪ್ರೇಕ್ಷಕ ಇದನ್ನು ಕೂಡಲೇ ಹಿಡಿಯುತ್ತಾನೆ, ಬೆಂಗಳೂರಿನವನು ಹಿಡಿಯುವುದಿಲ್ಲ. ಇಬ್ಬರಿಗೂ ಒಂದೊಂದು ಖುಷಿ.

ಬಾಯಿ ತಪ್ಪಿ ಗುಟ್ಟು ಹೇಳುವ ಸುಳಿವು ಮಾತ್ರ ಬೇಡ. ತುಂಬ ನೋಡಿಯಾಗಿದೆ.

6. ಪತ್ತೆ ಮಾಡುವವರು

ಕೋಟು ಹಾಕಿದ ಪತ್ತೇದಾರ ನಮ್ಮ ಅಂಗಳಕ್ಕೆ ಹೊಂದುವುದಿಲ್ಲ. ನಾನು ಆರಿಸಿದ್ದು ಪಿಗ್ಮಿ ಕಲೆಕ್ಷನ್ ಮಾಡುವ, ಅಂದರೆ ದಿನಾ ಮನೆಗೆ ಬಂದು ಸಣ್ಣ ಠೇವಣಿ ತೆಗೆದುಕೊಂಡು ಹೋಗುವ, ಒಬ್ಬ ಹೆಂಗಸನ್ನು. ಪಿಗ್ಮಿ ಠೇವಣಿ ಹುಟ್ಟಿದ್ದೇ ಈ ನೆಲದಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಅದನ್ನು ಶುರು ಮಾಡಿತು, ದಿನಕ್ಕೆ 2 ಆಣೆಯೂ ಸಾಕಿತ್ತು. ಪಿಗ್ಮಿ ಅಕ್ಕ ದಿನಾ ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಬರುತ್ತಾರೆ. ಅಡಿಗೆ ಅಕ್ಕ, ಡ್ರೈವರ್, ತೋಟದ ಕೆಲಸದವರು, ಎಲ್ಲರ ಹತ್ತಿರ 50, 100 ರೂಪಾಯಿ. ಧನಿಗಳ ಮನೆಯವರು ಅವರನ್ನು ಸರಿಯಾಗಿ ನೋಡಿಯೂ ಇಲ್ಲ. ಆದರೆ ಅವರ ಪುಸ್ತಕದಲ್ಲಿ ತಾರೀಕು ಸಮೇತ ಇಡೀ ಮನೆಯ ನಾಡಿ ಉಂಟು. ದಿನಾ 50 ಕಟ್ಟುವ ಡ್ರೈವರ್ ಮೂರು ದಿನ ಸಾಲಾಗಿ 500 ಕಟ್ಟಿದ್ದು ಅವರಿಗೆ ಮಾತ್ರ ಗೊತ್ತು. ಯಜಮಾನರ ಗಂಜಿ ಬೇರೆ ಅನ್ನುವ ವಿಷಯವನ್ನು ಮಗನಿಗೆ ಹೇಳಿದವನು ಅವನೇ. ಏನೂ ಅರಿಯದೆ ಹೇಳಿದ್ದು.

ಶ್ರೀಮಂತರ ಕೊಲೆ ಕಥೆ ಬರೆಯುವಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ದೊಡ್ಡ ಮನೆಯಲ್ಲಿ ಮುಂಬಾಗಿಲಿನವರು ಒಬ್ಬರನ್ನೊಬ್ಬರು ಕಾಯುತ್ತಾರೆ, ಹಿಂಬಾಗಿಲಿನವರು ಎಲ್ಲವನ್ನೂ ಕಾಣುತ್ತಾರೆ. ನಿಮ್ಮ ಪತ್ತೆದಾರಿ ಹಿಂಬಾಗಿಲಿನಿಂದ ಬರಲಿ. ಅವರಿಗೆ ಮರ್ಯಾದೆ ಕೊಟ್ಟು ಬರೆಯಿರಿ. ಅವರ ಬಡತನ ತೋರಿಸಿ ಕಣ್ಣೀರು ತರಿಸುವ ದೃಶ್ಯ ಬೇಡ, ಅವರ ಬುದ್ಧಿ ತೋರಿಸಿ.

7. ಪೊಲೀಸರನ್ನು ಸರಿಯಾಗಿ ಬರೆಯಿರಿ

ಮಂಗಳೂರು ನಗರಕ್ಕೆ 2010ರಿಂದ ಪೊಲೀಸ್ ಕಮಿಷನರ್ ಇದ್ದಾರೆ. ಉಡುಪಿಗೆ ಎಸ್ಪಿ. ಇದನ್ನು ಬದಲು ಮಾಡಿದರೆ ಇಲ್ಲಿಯವರಿಗೆ ಕಿರಿಕಿರಿ ಆಗುತ್ತದೆ. ಅನುಮಾನದ ಸಾವಾದರೆ ಮೊದಲು ಅಸಹಜ ಸಾವು ಅಂತ ದಾಖಲೆ, ಮಹಜರು, ಆಮೇಲೆ ಪೋಸ್ಟ್‌ಮಾರ್ಟಂ, ಒಳ ಅಂಗಗಳ ಸ್ಯಾಂಪಲ್ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್). ವರದಿ ಮರುದಿನವೇ ಬರುವುದಿಲ್ಲ. ಈ ಕಾಯುವ ದಿನಗಳೇ ನಿಮ್ಮ ನಡುಭಾಗ. ಮಳೆ ಸುರಿಯುತ್ತಿದೆ, ಯಾರೂ ಮನೆ ಬಿಟ್ಟು ಹೋಗುವ ಹಾಗಿಲ್ಲ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಕೊಲೆಗೆ ಈಗ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಮನೆ ಶೋಧವನ್ನು ವಿಡಿಯೊ ಮಾಡಲೇಬೇಕು. ಈ ವಿಡಿಯೊ ನಿಮಗೆ ಒಂದು ಸುಳಿವಿನ ಜಾಗ: ಮೊದಲ ದಿನದ ಶೋಧದಲ್ಲಿ ತಂಗಿಯ ಚೀಲ ಖಾಲಿ, ಎರಡನೇ ಸಲ ಅದರಲ್ಲಿ ಕಾಸರಕದ ಬೀಜ. ನಡುವೆ ಆ ಕೋಣೆಗೆ ಹೋದವರು ಯಾರು?

ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಹಾಗಾಗಿ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ, ಕೊಲೆಗಾರ ಕಿರುಚಿ ಒಪ್ಪಿಕೊಂಡು ಸಿನಿಮಾ ಮುಗಿಯಿತು ಅಂದರೆ ತೂಕ ಸಾಲದು. ಅವನ ಮಾತಿನಿಂದ ಒಂದು ವಸ್ತು ಸಿಗಬೇಕು. ಬಾವಿಕಟ್ಟೆಯ ಹಿಂದೆ ಹೂತಿಟ್ಟ ಅರೆಯುವ ಕಲ್ಲು ಅಂತ ಇಟ್ಟುಕೊಳ್ಳಿ.

8. ಕಾಲ, ಮಾತು, ದೈವ

ಆಟಿಯಲ್ಲಿ ಕಥೆ ಇಟ್ಟು ದೈವದ ಕೋಲದ ದೃಶ್ಯ ಬರೆಯಬೇಡಿ. ಮೇ ಕೊನೆಯ ಹೊತ್ತಿಗೆ ತುಳುವರ ಪತ್ತನಾಜೆಯ ದಿನ ಬಂದರೆ ಕೋಲ, ನೇಮ, ಯಕ್ಷಗಾನ ಮೇಳದ ಆಟ ಎಲ್ಲ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಮಲ್ಪೆಯ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆಟಿ ಕಳೆಂಜದ ವೇಷ ಮನೆ ಮನೆಗೆ ಬರುವುದು ಆಟಿಯಲ್ಲೇ, ಬೇಕಾದರೆ ಬಳಸಿ.

ದೈವ ಕೊಲೆಗಾರನ ಹೆಸರು ಹೇಳುವ ದೃಶ್ಯ ನನಗೆ ಒಪ್ಪಿಗೆ ಇಲ್ಲ. ನಂಬಿದವರಿಗೆ ನೋವಾಗುತ್ತದೆ ಅನ್ನುವುದು ಮೊದಲ ಕಾರಣ. ಪತ್ತೆ ಮಾಡಿದ ಕೆಲಸವೆಲ್ಲ ಅಲ್ಲಿಗೆ ಹಾಳು ಅನ್ನುವುದು ಎರಡನೆಯದು. ನಿಜವಾದ ಗುತ್ತಿನ ಮನೆಯಲ್ಲಿ ಶೂಟಿಂಗ್ ಮಾಡುವಾಗ ದೈವದ ಕೋಣೆಯ ಹತ್ತಿರ ಚಪ್ಪಲಿ, ಲೈಟು, ಮಾಂಸದ ಊಟ ಏನಿದ್ದರೂ ಮನೆಯ ಹಿರಿಯರನ್ನು ಕೇಳಿಯೇ ಮಾಡಿ.

ಮಾತು ಕನ್ನಡದಲ್ಲಿದ್ದರೂ ಅಳಿಯ ಮಾವನನ್ನು ‘ತಮ್ಮಲೆ’ ಅಂತಲೇ ಕರೆಯಲಿ. ಹೆಂಚಿನ ಮೇಲೆ ಮಳೆ ಬೀಳುವಾಗ ಸೆಟ್ಟಿನಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲ, ಡಬ್ಬಿಂಗಿಗೆ ದುಡ್ಡು ತೆಗೆದಿಡಿ.

9. ಓದಿಸಿ ನೋಡಿ

ಪುಟಕ್ಕೆ ಒಂದು ನಿಮಿಷ ಅಂತ ಅಂದಾಜು. 120 ಪುಟ ಮೀರಬೇಡಿ. ಕರಡು ಮುಗಿದ ಮೇಲೆ ಹತ್ತು ಜನರನ್ನು ಕೂರಿಸಿ ಗಟ್ಟಿಯಾಗಿ ಓದಿ. ಸಿನಿಮಾದವರೇ ಬೇಡ, ಅದರಲ್ಲಿ ನಾಲ್ಕು ಜನ ಅಮ್ಮನ ವಯಸ್ಸಿನವರು ಇರಲಿ. 60ನೇ ಪುಟದಲ್ಲಿ ನಿಲ್ಲಿಸಿ ಚೀಟಿ ಕೊಡಿ, ಕೊಲೆಗಾರನ ಹೆಸರು ಬರೆಯಲಿ. 90ನೇ ಪುಟದಲ್ಲಿ ಮತ್ತೆ.

ನನ್ನ ಮೊದಲ ಓದು ಮಣಿಪಾಲದ ಒಂದು ಕೋಣೆಯಲ್ಲಿ ನಡೆದಿತ್ತು. 11 ಜನರಲ್ಲಿ 8 ಜನ ಮಗನ ಹೆಸರನ್ನೇ ಬರೆದಿದ್ದರು, ಅದೂ ಮೊದಲ ಚೀಟಿಯಲ್ಲಿ. ಕಾರಣ ಕೇಳಿದಾಗ ಒಬ್ಬರು ಹೇಳಿದರು: ಉಳಿದವರೆಲ್ಲ ದುಡ್ಡಿನ ಮಾತಾಡುತ್ತಾರೆ, ಇವನೊಬ್ಬ ಆಡುವುದಿಲ್ಲ. ನಿಜವಾಗಿತ್ತು. ಅವನನ್ನು ಒಳ್ಳೆಯವನಾಗಿ ಕಾಣಿಸುವ ಆಸೆಯಲ್ಲಿ ನಾನು ಅವನ ಬಾಯಿಂದ ದುಡ್ಡಿನ ಮಾತನ್ನೆಲ್ಲ ತೆಗೆದಿದ್ದೆ. ಮುಂದಿನ ಕರಡಿನಲ್ಲಿ ಅವನು ಎರಡನೇ ದೃಶ್ಯದಲ್ಲೇ ಅಪ್ಪನ ಹತ್ತಿರ ಎಲ್ಲರೆದುರು ಸಾಲ ಕೇಳುತ್ತಾನೆ, ಅಪ್ಪ ಇಲ್ಲ ಅನ್ನುತ್ತಾರೆ, ಅವನು ನಕ್ಕು ಅಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಳ್ಳುತ್ತಾನೆ. ಆ ಸಲ ಅವನ ಹೆಸರು ಬರೆದವರು ಇಬ್ಬರೇ.

ಮೊದಲ ಚೀಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸರಿಯಾಗಿ ಬರೆದರೆ ಸುಳಿವು ಜಾಸ್ತಿ ಆಗಿದೆ. ಎರಡನೇ ಚೀಟಿಯಲ್ಲೂ ಒಬ್ಬರೂ ಬರೆಯದಿದ್ದರೆ ನೀವು ಏನನ್ನೋ ಮುಚ್ಚಿಟ್ಟಿದ್ದೀರಿ, ಅದು ಪ್ರೇಕ್ಷಕನಿಗೆ ಮಾಡಿದ ಮೋಸ. ಚೀಟಿಗಳನ್ನು ಬಿಸಾಡಬೇಡಿ, ತಾರೀಕು ಬರೆದು ಕರಡಿನ ಜೊತೆಗೇ ಪಿನ್ ಮಾಡಿಡಿ. ಮುಂದಿನ ಓದಿಗೆ ಬೇರೆ ಹತ್ತು ಜನರನ್ನು ಕರೆಯಿರಿ, ಒಮ್ಮೆ ಕೇಳಿದವರ ಚೀಟಿ ಎರಡನೇ ಸಲ ಲೆಕ್ಕಕ್ಕೆ ಬರುವುದಿಲ್ಲ.